ಹಳಿ ಕಿತ್ತ ಮೇಲೆ ಉಳಿದ ದಾರಿ

ಮಗಳ ಮನೆಯಿಂದ ಬಂದು ತಿಂಗಳಾಗ್ತಾ ಬಂತು. ಮನೆಗೆ ಬಂದವರೆಲ್ಲ ಒಂದೇ ಕೇಳ್ತಾರೆ, "ಆರು ತಿಂಗಳು ಅಮೆರಿಕದಾಗೆ ಇದ್ದೆಯಲ್ಲ, ಏನೇನು ನೋಡಿದೆ?" ನಯಾಗರಾ ನೋಡ್ದೆ, ಅರೋರಾ ಊರಿನ ಬಾಲಾಜಿ ಗುಡಿ ನೋಡ್ದೆ, ಶಿಕಾಗೋದ ಎತ್ತರದ ಕಟ್ಟಡ ಕತ್ತು ನೋಯೋವಷ್ಟು ನೋಡ್ದೆ ಅಂದ್ರೆ ಅವರಿಗೆ ಸಮಾಧಾನ. "ಅದೆಲ್ಲಕ್ಕಿಂತ ಚಂದ ಒಂದು ದಾರಿ ನೋಡ್ದೆ" ಅಂದ್ರೆ ಮಾತ್ರ ನಗ್ತಾರೆ. ನಮ್ಮ ಚಿಕ್ಕತ್ತೆ ಅಂತೂ, "ದಾರಿ ನೋಡಾಕೆ ಅಷ್ಟು ದುಡ್ಡು ಕೊಟ್ಟು ವಿಮಾನ ಹತ್ತಿದ್ಯಾ? ಪರಶುರಾಂಪುರದಾಗೆ ದಾರಿ ಇರಲಿಲ್ವಾ?" ಅಂದ್ರು.

ಇತ್ತು ಚಿಕ್ಕತ್ತೆ, ಇತ್ತು. ಅದಕ್ಕೇ ಇದನ್ನ ಬರೀತಿದೀನಿ. ಕೊನೇತನಕ ಓದಿ, ಆಮೇಲೆ ನಗಿ.

ಮಗಳ ಮನೆ ಇರೋದು ಶಿಕಾಗೋದ ಪಡುವಣಕ್ಕೆ, ವೀಟನ್ ಅನ್ನೋ ಊರಿನ ಹತ್ತಿರ. ಬೆಳಿಗ್ಗೆ ಎಂಟಕ್ಕೆ ಎಲ್ರೂ ಹೊರಟುಬಿಟ್ರೆ ಮನೆಯಾಗೆ ನಾನೊಬ್ಳೆ. ಮಾತಾಡೋಣ ಅಂದ್ರೆ ಪಕ್ಕದ ಮನೆ ಬಾಗಿಲು ಯಾವಾಗ್ಲೂ ಮುಚ್ಚೇ ಇರ್ತೈತೆ. ಕಾರಿಲ್ದೆ ಎಲ್ಲಿಗೂ ಹೋಗೋ ಹಂಗಿಲ್ಲ. ಎರಡು ವಾರ ಕಿಟಕಿ ಹತ್ರ ಕೂತು ಕೂತು, "ನನ್ನ ಊರಿಗೆ ಕಳಿಸಿಬಿಡವ್ವ" ಅಂತ ಒಂದಿನ ಕಣ್ಣೀರು ಹಾಕಿದ್ದೂ ಆಯ್ತು. ಆವಾಗ ಮಗಳು ಭಾನುವಾರ ಬೆಳಿಗ್ಗೆ ನನ್ನನ್ನ ಈ ದಾರಿಗೆ ಕರ್ಕೊಂಡು ಹೋದ್ಲು. ಹೆಸರು ಇಲಿನಾಯ್ ಪ್ರೇರಿ ಪಾಥ್. ಇಲಿನಾಯ್ ಆ ರಾಜ್ಯದ ಹೆಸರು. ಪ್ರೇರಿ ಅಂದ್ರೆ ಏನು ಅಂತ ಕೇಳಿದ್ದಕ್ಕೆ, "ನಮ್ಮ ಕಡೆ ಕಾವಲು ಇಲ್ವೇನಮ್ಮ, ಮರ ಇಲ್ಲ, ಬರೀ ಹುಲ್ಲು, ಅಂಥದ್ದು" ಅಂದ್ಲು. ಆ ಒಂದು ಮಾತಿಗೆ ನನಗೆ ಆ ಊರು ಸ್ವಲ್ಪ ಹತ್ತಿರ ಆದಂಗಾಯ್ತು.

ದಾರಿ ಏನು ದೊಡ್ಡದಲ್ಲ. ಎದುರಾಬದುರು ನಾಲ್ಕು ಜನ ನಡೀಬಹುದು, ಅಷ್ಟೇ ಅಗಲ. ಸುಣ್ಣದಕಲ್ಲಿನ ಸಣ್ಣ ಪುಡಿ ಹಾಸಿ ಗಟ್ಟಿ ಮಾಡಿದಾರೆ, ಕಾಲಿಗೆ ಹಿತ. ಕಾರು, ಮೋಟಾರು ಬೈಕು ಬರಂಗಿಲ್ಲ. ಮುದುಕರು, ಗಾಡಿಯಾಗೆ ಕೂಸು ತಳ್ಕೊಂಡು ಬರೋ ತಾಯಂದಿರು, ಸೈಕಲ್ ಹುಡುಗರು, ನಾಯಿ ಕರ್ಕೊಂಡು ಬಂದೋರು ಎಲ್ಲಾ ನಡೀತಿರ್ತಾರೆ. ಎದುರಿಗೆ ಬಂದವರು ಗುರುತಿಲ್ಲದಿದ್ರೂ ನಕ್ಕು ಮುಂದೆ ಹೋಗ್ತಾರೆ. ಬಾಗಿಲು ಹಾಕ್ಕೊಂಡಿದ್ದ ಜನ ಎಲ್ಲಾ ಇಲ್ಲಿದಾರಲ್ಲ ಅಂದ್ಕೊಂಡೆ. ಅವತ್ತಿಂದ ದಿನಾ ಬೆಳಿಗ್ಗೆ ಒಂದು ಗಂಟೆ ನನ್ನ ನಡಿಗೆ ಅಲ್ಲೇ.

ನಡೀತಾ ನಡೀತಾ ಒಂದು ವಿಷಯ ಕಣ್ಣಿಗೆ ಬಿತ್ತು. ಈ ದಾರಿಗೆ ತಿರುವೇ ಕಮ್ಮಿ, ಏರಿಳಿವೂ ಕಮ್ಮಿ. ಹಳ್ಳ ಬಂದಲ್ಲಿ ಸೇತುವೆ, ತಗ್ಗು ಬಂದಲ್ಲಿ ಏರಿ. ಮನುಷ್ಯರ ಕಾಲು ತುಳಿದು ಆದ ದಾರಿ ಹಿಂಗಿರಲ್ಲ, ಅದು ಮರ ಬಳಸಿ, ಕಲ್ಲು ಬಳಸಿ ಹಾವಿನಂಗೆ ಹೋಗ್ತೈತೆ. ಪಕ್ಕದಾಗೆ ಇದ್ದ ಫಲಕ ಮೊಮ್ಮಗಳು ಓದಿ ಹೇಳಿದ ಮೇಲೆ ಗೊತ್ತಾಯ್ತು, ಇದು ರೈಲು ಹೋಗ್ತಿದ್ದ ಜಾಗ! ನನ್ನ ಆಸೆ ನೋಡಿ ಮಗಳು ಲೈಬ್ರರಿಯಿಂದ ಪುಸ್ತಕ ತಂದು ಸಂಜೆ ಸಂಜೆ ಓದಿ ಹೇಳಿದ್ಲು. ನಾನು ಹುರುಳಿಕಾಳು ಆರಿಸ್ತಾ ಕೇಳ್ತಿದ್ದೆ. ಆ ಕಥೆ ಹಿಂಗೈತೆ.

ಶಿಕಾಗೋ, ಅರೋರಾ, ಎಲ್ಜಿನ್ ಅಂತ ಮೂರು ಊರಿನ ಹೆಸರು ಸೇರಿಸಿ ಒಂದು ರೈಲು ಕಂಪನಿ. 1902ರಲ್ಲಿ ಓಡೋಕೆ ಶುರುವಾಯ್ತು. ಹೊಗೆಬಂಡಿ ಅಲ್ಲ, ಆ ಕಾಲಕ್ಕೇ ಕರೆಂಟಿನ ರೈಲು. ಕರೆಂಟು ತಲೆ ಮೇಲಿನ ತಂತಿಯಾಗೆ ಅಲ್ಲ, ಎರಡು ಹಳಿ ಪಕ್ಕದಲ್ಲಿ ಮೂರನೇ ಹಳಿ ಹಾಕಿ ಅದರಾಗೆ ಹರಿಸ್ತಿದ್ರು. ಮುಟ್ಟಿದ್ರೆ ಸತ್ತೇ ಹೋಗೋವಂಥ ಕರೆಂಟು. ಈಗ ಕೂಸುಗಳು ಕುಣೀತಾ ಹೋಗೋ ಜಾಗದಾಗೆ ಆವಾಗ ಒಂದು ಕರ ನುಗ್ಗಿದ್ರೂ ಬದುಕ್ತಿರಲಿಲ್ಲ. ಸದ್ದು ಮಾಡ್ಕೊಂಡು ಓಡ್ತಿದ್ದಕ್ಕೆ ಜನ ಅದಕ್ಕೆ "ಗುಡುಗೋ ಎಲ್ಜಿನ್" ಅಂತ ಹೆಸರಿಟ್ಟಿದ್ರಂತೆ. ವೀಟನ್ ಅದರ ಕವಲು. ಮೂಡಲಿಂದ ಬಂದ ಲೈನು ಅಲ್ಲಿ ಎರಡಾಗಿ, ಒಂದು ಅರೋರಾಕ್ಕೆ, ಇನ್ನೊಂದು ಎಲ್ಜಿನ್‌ಗೆ. ಹಳ್ಳಿಗಳಿಂದ ಹಾಲು, ಶಿಕಾಗೋದಿಂದ ಸಾಮಾನು, ಬೆಳಿಗ್ಗೆ ಸಂಜೆ ಕೆಲಸಕ್ಕೆ ಹೋಗೋರು, ಎಲ್ಲಾ ಅದರಾಗೇ. ದಾರಿ ಉದ್ದಕ್ಕೂ ಇರೋ ಎಷ್ಟೋ ಊರು ಬೆಳೆದದ್ದೇ ಆ ರೈಲಿನಿಂದ.

ಆಮೇಲೆ ಕಾರು ಬಂದ್ವು. ಕಾರಿಗೆ ಅಂತ ದೊಡ್ಡ ಹೆದ್ದಾರಿ ಕಟ್ಟೋಕೆ ಶುರು ಮಾಡಿದಾಗ, ಶಿಕಾಗೋ ಊರೊಳಗೆ ಈ ರೈಲು ಹೋಗ್ತಿದ್ದ ಜಾಗವೇ ಅದಕ್ಕೆ ಅಡ್ಡ. 1953ರಲ್ಲಿ ರೈಲು ಊರಾಚೆ ಫಾರೆಸ್ಟ್ ಪಾರ್ಕ್ ಅನ್ನೋ ಕಡೆಗೇ ನಿಂತುಬಿಡ್ತು. ಅಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ಚಳ್ಳಕೆರೆಗೆ ನೇರ ಹೋಗ್ತಿದ್ದ ಬಸ್ಸು ಊರ ಹೊರಗೆ ಇಳಿಸಿ, ಇನ್ನೊಂದು ಹತ್ತಿ ಅಂದ್ರೆ ನಾವು ಎಷ್ಟು ದಿನ ಹತ್ತೇವು? ಅಲ್ಲೂ ಹಂಗೇ ಆಯ್ತು. ಜನ ಅರ್ಧಕ್ಕರ್ಧ ಕಮ್ಮಿಯಾದ್ರು. ನಷ್ಟ ಆಯ್ತು ಅಂತ ಕಂಪನಿಯೋರು ನಿಲ್ಲಿಸೋಕೆ ಕೋರ್ಟಿಗೆ ಹೋದ್ರು.

1957ರ ಜುಲೈ 3. ಮಾರನೇ ದಿನ ಅವರ ಸ್ವಾತಂತ್ರ್ಯದ ಹಬ್ಬ. ಬೆಳಿಗ್ಗೆ ಎಂದಿನಂಗೆ ಸಾವಿರಾರು ಜನ ರೈಲಿನಾಗೆ ಕೆಲಸಕ್ಕೆ ಹೋಗಿದ್ರು. ಮಧ್ಯಾಹ್ನ ನಿಲ್ಲಿಸಬಹುದು ಅಂತ ಅನುಮತಿ ಬಂತು. ಬಂದ ತಕ್ಷಣ, ಇನ್ನೂ ಸಂಜೆ ಆಗೋಕೆ ಮುಂಚೆನೇ ನಿಲ್ಲಿಸೇಬಿಟ್ರು. ಸಂಜೆ ಸ್ಟೇಷನ್ನಿಗೆ ಬಂದವರಿಗೆ ವಾಪಸ್ ರೈಲೇ ಇಲ್ಲ! ಯುಗಾದಿ ಹಿಂದಿನ ದಿನ ಸಂತೆಗೆ ಹೋದೋರಿಗೆ ಬಸ್ಸಿಲ್ಲ ಅಂದಂಗೆ. ಮನೆಯಾಗೆ ಕಾಯ್ತಾ ಕೂತಿದ್ದ ಹೆಂಡ್ರು ಮಕ್ಕಳ ಗತಿ ಏನಾಗಿರಬೇಡ ಅಂತ ನಾನು ಯೋಚ್ನೆ ಮಾಡ್ದೆ. 55 ವರ್ಷ ಓಡಿದ ರೈಲಿಗೆ ಒಂದು ಕೊನೇ ದಿನ ಅಂತ ಹೇಳಿ ಕಳಿಸಿಕೊಡೋ ಮರ್ಯಾದೆನೂ ಸಿಗಲಿಲ್ಲ. ಎರಡು ವರ್ಷಕ್ಕೆ ಗೂಡ್ಸ್ ಗಾಡಿನೂ ನಿಂತು, 1961ರ ಹೊತ್ತಿಗೆ ಲೈನು ಪೂರ್ತಿ ಬಿಟ್ಟುಕೊಟ್ರು. ಹಳಿ ಕಿತ್ತು ಮಾರಿದ್ರು. ಜಾಗ ಹಂಗೇ ಉಳೀತು, ಗಿಡಗಂಟೆ ಬೆಳ್ಕೊಂಡು, ಕಸ ಸುರಿಯೋರಿಗೆ ಆಸರೆಯಾಗಿ.

ವಾರಸುದಾರರಿಲ್ಲದ ಜಾಗ ಎಷ್ಟು ದಿನ ಉಳಿದೀತು, ನೀವೇ ಹೇಳಿ. ಒಬ್ಬರು ಕಾರು ನಿಲ್ಲಿಸೋಕೆ ಬೇಕು ಅಂತಾರೆ, ಒಬ್ಬರು ರಸ್ತೆಗೆ ಬೇಕು ಅಂತಾರೆ, ಪಕ್ಕದ ಮನೆಯೋರು ಬೇಲಿ ಒಂದು ಗಜ ಆಚೆಗೆ ಸರಿಸ್ತಾರೆ. ಉದ್ದಕ್ಕೂ ಇರೋ ಪಟ್ಟಿ ಜಾಗದ ಕಷ್ಟ ಅದೇ. ಎಲ್ಲೋ ಒಂದು ಕಡೆ ಹತ್ತು ಗಜ ಹೋದ್ರೆ ಸಾಕು, ಅದು ದಾರಿ ಅಲ್ಲ, ಬರೀ ತುಂಡು.

ಇಲ್ಲಿ ಬರ್ತಾಳೆ ನೋಡಿ ಒಬ್ಬ ಹೆಂಗಸು. ಹೆಸರು ಮೇ ಥೀಲ್‌ಗಾರ್ಡ್ ವಾಟ್ಸ್. ಹುಟ್ಟಿದ್ದು 1893. ಆ ಕಡೆಯ ಮಾರ್ಟನ್ ಆರ್ಬೊರೀಟಮ್ ಅನ್ನೋ ದೊಡ್ಡ ಮರಗಳ ತೋಟದಲ್ಲಿ ಗಿಡ ಮರದ ವಿಚಾರ ಜನಕ್ಕೆ ಕಲಿಸ್ತಿದ್ದಾಕೆ. ಇಂಗ್ಲೆಂಡಿಗೆ ಹೋದಾಗ ಅಲ್ಲಿ ಹೊಲಗಳ ನಡುವೆ ಎಲ್ರೂ ಹಕ್ಕಿನಿಂದ ನಡೆಯೋ ಹಳೇ ಕಾಲುದಾರಿ ನೋಡಿ ಬಂದಿದ್ಲು. ನಮ್ಮೂರಾಗೆ ಯಾಕಿಲ್ಲ ಅಂತ ಅವಳಿಗೆ ಕೊರಗು. 1963ರ ಸೆಪ್ಟೆಂಬರ್‌ನಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಕಾಗದ ಬರೆದ್ಲು. ವಯಸ್ಸು ಎಷ್ಟು ಗೊತ್ತಾ? ಎಪ್ಪತ್ತು! ನಾವು ಎಪ್ಪತ್ತಕ್ಕೆ "ಇನ್ನೇನೈತೆ ನಮ್ದು" ಅಂತ ಜಗಲಿ ಹಿಡೀತೀವಿ. ಮನುಷ್ಯರು ಕಾಲಲ್ಲಿ ನಡೆಯೋ ಪ್ರಾಣಿ, ಆದ್ರೆ ನಡೆಯೋಕೆ ದಾರಿ ಇಲ್ಲ. ಇಲ್ಲೊಂದು ತಯಾರಾದ ದಾರಿ ಬಿದ್ದೈತೆ, ತಡ ಮಾಡಿದ್ರೆ ಬುಲ್ಡೋಜರ್ ಬರ್ತೈತೆ, ಈಗಲೇ ಕೇಳೋಣ. ಕಾಗದದ ಸಾರ ಇಷ್ಟೇ.

ಕಾಗದ ಬರೆದು ಸುಮ್ನೆ ಕೂರಲಿಲ್ಲ. ಅವಳ ಜೊತೆ ಸೇರಿದವರಲ್ಲಿ ಹೆಂಗಸರೇ ಬಹಳ. ಹೂದೋಟದ ಸಂಘ, ಮಹಿಳಾ ಸಂಘ, ಶಾಲೆ, ಎಲ್ಲಿ ನಾಲ್ಕು ಜನ ಸೇರ್ತಾರೋ ಅಲ್ಲಿಗೆ ಹೋಗಿ ಚಿತ್ರ ತೋರಿಸಿ ಮಾತಾಡಿದ್ರು. ನಡಿಗೆ ಏರ್ಪಾಡು ಮಾಡಿದ್ರು, ಯಾಕಂದ್ರೆ ಜನ ನಡೆದ ಜಾಗನ ದಾರಿ ಅಲ್ಲ ಅನ್ನೋದು ಯಾರಿಗೂ ಕಷ್ಟ. 1965ರಲ್ಲಿ ಸಂಘ ರಿಜಿಸ್ಟರ್ ಆಯ್ತು. ಡುಪೇಜ್ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ, ಜಾಗವನ್ನ ತನ್ನ ಕೈಗೆ ತಗೊಂಡು 1966ರಲ್ಲಿ ಈ ಸಂಘಕ್ಕೆ ದಾರಿ ಮಾಡೋಕೆ ಗುತ್ತಿಗೆ ಕೊಡ್ತು. ಹಳೇ ರೈಲು ಸೇತುವೆಗೆ ಹಲಗೆ ಹೊಡೆದೋರು, ಗಂಟೆ ಕಿತ್ತೋರು, ಕಸ ಹೊತ್ತೋರು ಎಲ್ಲಾ ಊರಿನ ಜನವೇ, ಸಂಬಳ ಇಲ್ದೆ. 1971ರಲ್ಲಿ ಕೇಂದ್ರ ಸರ್ಕಾರ ಅದನ್ನ ರಾಷ್ಟ್ರೀಯ ವಿಹಾರದಾರಿ ಅಂತ ಗುರುತಿಸ್ತು. ಮೇ ವಾಟ್ಸ್ ತೀರಿಕೊಂಡದ್ದು 1975ರಲ್ಲಿ. ದಾರಿ ನೋಡೇ ಹೋದ್ಲು, ಪುಣ್ಯಾತ್ಗಿತ್ತಿ.

ಈಗ ಎಲ್ಲಾ ಕವಲು ಸೇರಿ 60 ಮೈಲಿಗೂ ಮೇಲೆ, ಅಂದ್ರೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಹಳಿ ಕಿತ್ತ ಜಾಗ ನಡೆದಾಡೋರಿಗೆ ಬಿಡೋದನ್ನ ಮೊದಮೊದಲು ಮಾಡಿ ತೋರಿಸಿದವರಲ್ಲಿ ಇವರೂ ಸೇರ್ತಾರೆ. ಆಮೇಲೆ 1983ರಲ್ಲಿ ಅಲ್ಲಿ ಒಂದು ಕಾನೂನೇ ಬಂತು. ಮುಂದೆ ಎಂದಾದ್ರೂ ರೈಲಿಗೆ ಬೇಕಾಗಬಹುದು, ಅಲ್ಲೀತನಕ ದಾರಿ ತುಂಡಾಗದಂಗೆ ಕಾಯ್ದಿಟ್ಟು ಜನಕ್ಕೆ ನಡೆಯೋಕೆ ಬಿಡಿ ಅಂತ. ಬುದ್ಧಿವಂತ್ಕೆ ಕಾನೂನು. ತುಂಡಾದ ದಾರಿ ಮತ್ತೆ ಕೂಡಿಸೋದು ಒಡೆದ ಮಡಕೆ ಕೂಡಿಸಿದಂಗೆ ಅಂತ ಅವರಿಗೆ ಗೊತ್ತಾಗೈತೆ.

ಒಂದು ಶನಿವಾರ ಮಗಳು, ಮೊಮ್ಮಗಳು, ನಾನು ಮೂಡಲ ಕಡೆಗೆ ದೂರ ಹೊರಟ್ವಿ. ಮಂಡಕ್ಕಿ ಒಗ್ಗರಣೆ ಕಟ್ಕೊಂಡಿದ್ದೆ, ಶೇಂಗಾ ಚಟ್ನಿಪುಡಿ ಬೇರೆ. ನಾನು ಸ್ವಲ್ಪ ದೂರ ನಡಿಯೋದು, ಸುಸ್ತಾದ್ರೆ ಅಳಿಯ ಕಾರು ತಂದು ಮುಂದಿನ ಊರಿಗೆ ಬಿಡೋದು ಅಂತ ಒಪ್ಪಂದ. ಗ್ಲೆನ್ ಎಲ್ಲಿನ್, ಲೊಂಬಾರ್ಡ್, ವಿಲ್ಲಾ ಪಾರ್ಕ್, ಎಲ್ಮ್‌ಹರ್ಸ್ಟ್ ಅಂತ ಒಂದರ ಹಿಂದೊಂದು ಸಣ್ಣ ಊರು. ಕಾರಿನಾಗೆ ಹೋದ್ರೆ ಒಂದೂರಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ನಡೆದು ಹೋದ್ರೆ ಊರು ಹಿತ್ತಿಲ ಕಡೆಯಿಂದ ಕಾಣ್ತೈತೆ. ಒಣಗಾಕಿದ ಬಟ್ಟೆ, ಟೊಮೇಟೊ ಮಡಿ, ಮಕ್ಕಳ ಉಯ್ಯಾಲೆ. ಮುಂಬಾಗಿಲು ಒಂದು ಹೇಳಿದ್ರೆ ಹಿತ್ತಿಲು ಇನ್ನೊಂದು ಹೇಳ್ತೈತೆ ಅನ್ನೋದು ನಮಗೆ ಗೊತ್ತಿದ್ದದ್ದೇ.

ವಿಲ್ಲಾ ಪಾರ್ಕ್‌ನಾಗೆ ಹಳೇ ರೈಲು ಸ್ಟೇಷನ್ ಹಂಗೇ ಉಳಿಸ್ಕೊಂಡು ಊರಿನ ಮ್ಯೂಸಿಯಂ ಮಾಡಿದಾರೆ. ಅದೇ ಊರಾಗೆ ಒಂದು ದೊಡ್ಡ ಇಟ್ಟಿಗೆ ಕಟ್ಟಡ. ಏನು ಅಂತ ಕೇಳಿದ್ರೆ ಓವಲ್ಟಿನ್ ಫ್ಯಾಕ್ಟರಿ ಅಂತೆ! ನಮ್ಮ ಅಪ್ಪನಿಗೆ ಕಾಯಿಲೆ ಆದಾಗ ಡಬ್ಬಿ ತರಿಸಿ ಹಾಲಿಗೆ ಹಾಕಿ ಕೊಡ್ತಿದ್ರಲ್ಲ, ಅದೇ ಓವಲ್ಟಿನ್. ಫ್ಯಾಕ್ಟರಿ ಮುಚ್ಚಿ ಈಗ ಅದರಾಗೆ ಜನ ಮನೆ ಮಾಡ್ಕೊಂಡಿದಾರೆ. ರೈಲು ಹೋಯ್ತು, ಫ್ಯಾಕ್ಟರಿ ಹೋಯ್ತು, ಗೋಡೆಗೆ ಇನ್ನೊಂದು ಬದುಕು ಸಿಕ್ತು.

ಎಲ್ಮ್‌ಹರ್ಸ್ಟ್ ಹತ್ರ ದಾರಿ ಪಕ್ಕಕ್ಕೇ ಒಂದು ತುಂಡು ಹುಲ್ಲುಗಾವಲು ಐತೆ. ಅಲ್ಲಿ ನಾನು ಬಹಳ ಹೊತ್ತು ನಿಂತೆ. ಹುಲ್ಲು ಆಳೆತ್ತರ, ನಡುವೆ ಹಳದಿ ಹೂವು, ನೀಲಿ ಹೂವು. ಗಾಳಿ ಬಂದ್ರೆ ನೀರಿನಂಗೆ ಅಲೆ ಹೊಡೀತೈತೆ. ಇಲಿನಾಯ್ ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲ ಒಂದು ಕಾಲಕ್ಕೆ ಹಿಂಗೇ ಇತ್ತಂತೆ, ಎರಡು ಕೋಟಿ ಎಕರೆಗೂ ಮೇಲೆ. ಪೊಟವಾಟಮಿ ಅನ್ನೋ ಮೂಲನಿವಾಸಿ ಜನ ಅಲ್ಲಿ ಬದುಕಿದ್ರು. 1833ರ ಶಿಕಾಗೋ ಒಪ್ಪಂದದಲ್ಲಿ ಅವರ ಕೈಯಿಂದ ನೆಲ ಬಿಡಿಸ್ಕೊಂಡು ಅವರನ್ನ ಪಡುವಣಕ್ಕೆ ಕಳಿಸಿದ್ರು. 1837ರಲ್ಲಿ ಅದೇ ರಾಜ್ಯದ ಜಾನ್ ಡೀರ್ ಅನ್ನೋ ಕಮ್ಮಾರ ಉಕ್ಕಿನ ನೇಗಿಲು ಮಾಡ್ದ. ನಮ್ಮೂರ ಕಡೆಯೂ ಓಡಾಡೋ ಹಸಿರು ಟ್ರ್ಯಾಕ್ಟರ್ ಹೆಸರು ಅದೇ, ಗೊತ್ತಲ್ಲ. ಆಳು ಮೀರಿ ಕೆಳಗಿಳಿದ ಬೇರಿನ ಹುಲ್ಲೂ ಆ ನೇಗಿಲಿಗೆ ಬಗ್ಗಿತು. ಎಲ್ಲಾ ಜೋಳದ ಹೊಲ ಆಯ್ತು. ಈಗ ಹಳೇ ಹುಲ್ಲುಗಾವಲು ಚೆನ್ನಾಗಿ ಉಳಿದಿರೋದು ಸಾವಿರ ಎಕರೆಗಳ ಲೆಕ್ಕದಲ್ಲಿ ಅಷ್ಟೇ. ಅದೂ ಎಲ್ಲಿ? ಸ್ಮಶಾನದ ಮೂಲೆಯಾಗೆ, ರೈಲು ಹಳಿ ಪಕ್ಕದಾಗೆ. ಯಾಕಂದ್ರೆ ಅಲ್ಲಿಗೆ ನೇಗಿಲು ಹೋಗ್ತಿರಲಿಲ್ಲ.

ಹುಲ್ಲು ಚಂದ ಅಂತ ಯಾರೂ ಉಳಿಸಿದ್ದಲ್ಲ, ರೈಲಿಗೆ ಬೇಕಿತ್ತು ಅಂತ ಉಳೀತು. ಅದನ್ನ ಕೇಳಿದ ಕ್ಷಣವೇ ನನಗೆ ನಮ್ಮ ಕಾವಲು ಕಣ್ಮುಂದೆ ಬಂತು. ನಮ್ಮ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳು ಉಳಿದದ್ದೂ ಹಂಗೇ ಅಲ್ವಾ? ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅರಮನೆಯ ದನಕ್ಕೆ ಬೆಣ್ಣೆ ಚಾವಡಿ ಅಂತಿದ್ರು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಆ ಎತ್ತುಗಳು ಸೈನ್ಯದ ಫಿರಂಗಿ ಎಳೀತಿದ್ವು. ಆ ದನಕ್ಕೆ ಮೇವು ಬೇಕು ಅಂತ ಸಾವಿರಾರು ಎಕರೆ ಹುಲ್ಲು ನೇಗಿಲಿಗೆ ಸಿಗದಂಗೆ ಕಾವಲು ಕಾದ್ರು, ಅದಕ್ಕೇ ಆ ಹೆಸರು. ದೊರೆ ದನಕ್ಕೆ ಬಿಟ್ಟ ಹುಲ್ಲಿನಾಗೆ ನಮ್ಮ ಕುರಿ, ನಮ್ಮ ಕಂಬಳಿ, ಕೃಷ್ಣಮೃಗ ಎಲ್ಲಾ ಬದುಕಿದ್ವು. ಫಿರಂಗಿ ಎಳೆಯೋ ಎತ್ತು ಬೇಡ ಆದ ಮೇಲೆ ಆ ಜಾಗ ಯಾರದ್ದು ಅನ್ನೋ ಪ್ರಶ್ನೆ ಬಂತು. 2009ರಿಂದ ಈಚೆಗೆ ನಾಯಕನಹಟ್ಟಿ ಕಡೆ ಕುದಾಪುರ, ವರವು ಕಾವಲಿನ ಹತ್ತು ಸಾವಿರ ಎಕರೆಯಷ್ಟು ದೇಶದ ದೊಡ್ಡ ಕೆಲಸಗಳಿಗೆ ಅಂತ ಹೋಯ್ತು. ಗೋಡೆ ಎದ್ವು. ಊರಿನೋರು ಹಸಿರು ನ್ಯಾಯಮಂಡಳಿಗೂ ಹೋಗಿ ಬಂದ್ರು. ದೇಶಕ್ಕೆ ಬೇಕಾದ್ದು ಬೇಡ ಅನ್ನೋಕೆ ನಾನು ಯಾರು? ಆದ್ರೆ ಕುರಿ ಹೊಡ್ಕೊಂಡು ಹೋಗೋ ಹೆಣ್ಣುಮಗಳು ಎಲ್ಲಿ ನಡೀಬೇಕು ಅಂತ ಕೇಳೋರು ಎಷ್ಟು ಜನ ಇದ್ರು?

ನಮ್ಮ ಕಡೆ ಬಿಟ್ಟುಹೋದ ರೈಲು ದಾರಿ ಅಂತ ಇಲ್ಲ. ರಾಯದುರ್ಗ, ಬಳ್ಳಾರಿ ಕಡೆ ಮೀಟರ್ ಗೇಜ್ ಹಳಿ ಕಿತ್ತರೂ ಅಲ್ಲೇ ಬ್ರಾಡ್ ಗೇಜ್ ಹಾಕಿದ್ರು. ಪರಶುರಾಂಪುರಕ್ಕಂತೂ ರೈಲೇ ಇಲ್ಲ, ಹತ್ತಬೇಕಂದ್ರೆ ಚಳ್ಳಕೆರೆಗೆ ಹೋಗಬೇಕು. ನಮ್ಮಲ್ಲಿ ಬಿಟ್ಟುಹೋದದ್ದು ಬಂಡಿದಾರಿ. ಚಿಕ್ಕತ್ತೆ, ಈಗ ನಿಮ್ಮ ಪ್ರಶ್ನೆಗೆ ಬಂದೆ.

ನಮ್ಮ ಅಜ್ಜಿ ಕಂಬಳಿ ಗಂಟು ತಲೆ ಮೇಲೆ ಹೊತ್ತು ಚಳ್ಳಕೆರೆ ಸಂತೆಗೆ ಹೋಗ್ತಿದ್ದದ್ದು ಬಂಡಿ ಜಾಡಿನಾಗೆ. ನಡುವೆ ಹುಣಸೇಮರದ ಕೆಳಗೆ ಬುತ್ತಿ ಬಿಚ್ಚೋದು, ಇನ್ನೊಂದೂರಿನ ಹೆಂಗಸರು ಜೊತೆಯಾಗೋದು. ಯಾರ ಮಗಳು ಎಲ್ಲಿಗೆ ಕೊಟ್ರು, ಯಾರ ಮನೆಗೆ ಕೂಸು ಹುಟ್ತು, ಸುದ್ದಿ ಎಲ್ಲಾ ಆ ದಾರಿ ಮೇಲೇ. ಬಸ್ಸು ಬಂದ್ವು, ದಾರಿ ಬಿಟ್ವಿ. ನನ್ನ ಗಂಡನ ಮನೆ ಹೊಲದ ಪಕ್ಕವೂ ಅಂಥದ್ದೇ ಒಂದು ಬಂಡಿದಾರಿ ವೇದಾವತಿ ಹೊಳೆ ಕಡೆಗೆ ಹೋಗ್ತಿತ್ತು. ಹೊಸ ಮದುವಣಗಿತ್ತಿಯಾಗಿ ಬಂದಾಗ ಗಂಗೆ ಪೂಜೆಗೆ ನನ್ನನ್ನ ಅದೇ ದಾರಿಯಾಗೆ ಕರ್ಕೊಂಡು ಹೋಗಿದ್ರು, ನಿಮಗೆ ನೆನಪಿರಬೇಕು. ಈಗ ಅದು ಎಲ್ಲೈತೆ? ಆ ಕಡೆಯೋರು ಎರಡು ಸಾಲು ಒತ್ತಿದ್ರು, ಈ ಕಡೆಯಿಂದ ನಾವು ಎರಡು ಸಾಲು ಒತ್ತಿದ್ವಿ. ಹೌದು, ನಾವೂ ಒತ್ತಿದ್ವಿ. ಶೇಂಗಾಕ್ಕೆ ರೇಟು ಬಂದ ವರ್ಷ ನಾನೇ "ಖಾಲಿ ಬಿದ್ದೈತಲ್ಲ, ಬಿತ್ತಿಬಿಡಿ" ಅಂದಿದ್ದೆ. ಬಂದದ್ದು ಎಷ್ಟು? ಒಂದೆರಡು ಚೀಲ. ಹೋದದ್ದು ಊರಿನ ದಾರಿ.

ಊರಿಗೆ ಬಂದ ವಾರಕ್ಕೆ ನಕಾಶೆ ತೆಗೆಸಿ ನೋಡ್ದೆ. ಆ ಬಂಡಿದಾರಿ ನಕಾಶೆಯಾಗೆ ಇನ್ನೂ ಐತೆ, ಚುಕ್ಕಿ ಗೆರೆಯಾಗಿ. ಹೊಲದಾಗೆ ಇಲ್ಲ, ಕಾಗದದಾಗೆ ಐತೆ. ಮೇ ವಾಟ್ಸ್‌ಗೆ ಸಿಕ್ಕಿದ್ದು ಇದರ ಉಲ್ಟಾ. ಅವಳಿಗೆ ನೆಲದ ಮೇಲೆ ದಾರಿ ಇತ್ತು, ಕಾಗದದ ಹಕ್ಕು ಇರಲಿಲ್ಲ. ನಮಗೆ ಕಾಗದ ಐತೆ, ಬಿಟ್ಟುಕೊಡೋ ಮನಸ್ಸು ಬೇಕು.

ಯಜಮಾನರಿಗೆ ಹೇಳ್ದೆ, ಈ ಮುಂಗಾರಿಗೆ ನಮ್ಮ ಕಡೆಯ ಎರಡು ಸಾಲು ಬಿಟ್ಟು ಬಿತ್ತಿ ಅಂತ. ಮೊದಲು ಸಿಟ್ಟಾದ್ರು. "ಆ ಕಡೆಯೋರು ಬಿಡದೆ ನಾವೊಬ್ರೇ ಬಿಟ್ರೆ ಹುಚ್ರು ಅಂತಾರೆ" ಅಂದ್ರು. ಅನ್ನಲಿ ಅಂದೆ. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಹಗ್ಗ ಹಿಡ್ಕೊಂಡು ಹೊಲಕ್ಕೆ ಹೋಗಿ ಅಳತೆ ಮಾಡಿ, ಮೂಲೆಗೆ ಕಲ್ಲು ಇಟ್ಟು ಬಂದಿದಾರೆ. ಆ ಕಡೆಯ ಹೊಲದೋರು ನಮ್ಮ ಮೈದುನನೇ. ಅವನಿನ್ನೂ ಒಪ್ಪಿಲ್ಲ. ಅವನ ಹೆಂಡತಿ ಇದನ್ನ ಓದ್ತಾಳೆ ಅಂತ ಗೊತ್ತು. ಅದಕ್ಕೇ ಇಷ್ಟುದ್ದ ಬರೆದೆ ಕಣೇ, ಕೋಪ ಮಾಡ್ಕೋಬೇಡ. ಮಾತಾಡಿ ನೋಡು ಅವನ ಹತ್ರ.

ಗೌರಿ ಹಬ್ಬದ ಹೊತ್ತಿಗೆ ನಾವೆಲ್ಲ ಅದೇ ದಾರಿಯಾಗೆ ಹೊಳೆಗೆ ಹೋಗಿ ಬರೋಣ. ಪೂರ್ತಿ ಇಲ್ಲದಿದ್ರೂ ಸರಿ, ಬಿಟ್ಟಷ್ಟರಾಗೆ ನಡೆಯೋಣ. ಬುತ್ತಿ ನಂದು. ಚಿಕ್ಕತ್ತೆ, ನಿಮ್ಮ ಮೊಣಕಾಲಿಗೆ ಒಂದು ಕೋಲು ನಾನೇ ತರ್ತೀನಿ.